ಭಾಷೆ ತಿಳಿಯದ ಒಳದನಿ

ಜಮುನಾ ರಾಠೋಡಳ ತಲೆಗೆ ತೊಡಿಸಿದ್ದ ಜಾಲರಿ ಟೊಪ್ಪಿಗೆ ಮೊದಲ ಹದಿನೈದು ನಿಮಿಷ ಏನನ್ನೂ ಹೇಳಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಧ್ವನಿಪೆಟ್ಟಿಗೆಯಿಂದ ಒಂದು ದನಿ ಬಂತು: "ಜನ ಏನಂತಾರ? ಕೆಲಸ ಬರದಾಕಿ ಅಂತಾರ."

"ಇದು ನಿಮ್ಮೊಳಗಿನ ಮೊದಲನೇ ದನಿ," ಎಂದರು ಡಾ. ವೈಜಯಂತಿ ಪಡಸಲಗಿ. "ಹೆದರಬ್ಯಾಡ್ರಿ. ಇಂಥಾಕಿ ಎಲ್ಲಾರೊಳಗೂ ಒಬ್ಬಾಕಿ ಇರ್ತಾಳ."

ವಿಜಯಪುರದ ಆ ಪ್ರಯೋಗಾಲಯದಲ್ಲಿ 'ಒಳದನಿ ವಿಂಗಡಕ' ಬಳಕೆಗೆ ಬಂದು ನಾಲ್ಕು ವರ್ಷಗಳಾಗಿದ್ದವು. ಮನಸ್ಸು ಒಂದೇ ಅಖಂಡ ವಸ್ತುವಲ್ಲ, ಅದೊಂದು ಒಟ್ಟು ಕುಟುಂಬ ಎಂಬ ತತ್ತ್ವದ ಮೇಲೆ ವೈಜಯಂತಿ ಅದನ್ನು ರೂಪಿಸಿದ್ದರು. ಆ ಕುಟುಂಬದ ಕೆಲವು ಭಾಗಗಳು ಹಳೆಯ ನೋವನ್ನು ಹೊತ್ತು ಮೂಲೆಯಲ್ಲಿ ಕುಳಿತಿರುತ್ತವೆ. ಬೇರೆ ಕೆಲವು, ಅಂಥ ನೋವು ಮತ್ತೆಂದೂ ಬರದಿರಲೆಂದು ಕಾವಲು ಕಾಯುತ್ತವೆ. ಕಾಲ ಸರಿದದ್ದು ಅವಕ್ಕೆ ಗೊತ್ತೇ ಇರುವುದಿಲ್ಲ. ಯಂತ್ರವು ಮಿದುಳಿನ ವಿದ್ಯುತ್ ಸಂಚಾರವನ್ನು ಅಳೆದು, ಪ್ರತಿ ಭಾಗದ 'ಮನೋವಿನ್ಯಾಸ'ವನ್ನು ಬೇರ್ಪಡಿಸಿ ಅದಕ್ಕೆ ಮಾತು ಕೊಡುತ್ತಿತ್ತು; ರೋಗಿಯ ಕಿವಿಗೆ ಬಿದ್ದದ್ದು ಆ ಭಾಗಕ್ಕೂ ಕೇಳಿಸುತ್ತಿತ್ತು. ವಿಪರೀತ ಕಾಡುವ ಭಾಗವನ್ನು 'ಶಮನಕ'ದ ಗುಂಡಿಯೊತ್ತಿ ಸುಮ್ಮನಾಗಿಸಬಹುದಿತ್ತು. ಇನ್ನೂರಕ್ಕೂ ಹೆಚ್ಚು ಜನ ಹಾಗೆ ಗುಣವಾಗಿ ಹೋಗಿದ್ದರು.

ಜಮುನಾಳಿಗೆ ನಲವತ್ತಮೂರು ವರ್ಷ. ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಪಾಳಿ ಮುಗಿದರೂ ಅವಳಿಗೆ ಹೊರಡಲಾಗುತ್ತಿರಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ಬರುವಳು. ಪ್ರತಿ ಕೂಸಿನ ಎದೆ ಏರಿಳಿಯುವುದನ್ನು ನೋಡುವಳು, ಮತ್ತೆ ನೋಡುವಳು. ಹಿಂದಿನ ತಿಂಗಳು ಒಂದು ಮಗುವಿನ ಮುಂದೆ ಇಪ್ಪತ್ತು ನಿಮಿಷ ಹೀಗೇ ನಿಂತುಬಿಟ್ಟಿದ್ದಾಗ, ಪಕ್ಕದ ಮಗುವಿನ ಎಚ್ಚರಿಕೆಯ ಗಂಟೆ ಹೊಡೆದದ್ದು ಅವಳ ಕಿವಿಗೇ ಬೀಳಲಿಲ್ಲ. ಬೇರೊಬ್ಬ ನರ್ಸ್ ಓಡಿ ಬಂದದ್ದರಿಂದ ಆ ಮಗು ಉಳಿಯಿತು. ಗುಣವಾಗುವ ತನಕ ವಾರ್ಡಿಗೆ ಬರಬೇಡಿ ಎಂದು ಮೇಲಿನವರು ಹೇಳಿದರು.

ಈಗ ಧ್ವನಿಪೆಟ್ಟಿಗೆಯಿಂದ ಇನ್ನೊಂದು ದನಿ ಹೊರಟಿತು. ಸಣ್ಣ ಹುಡುಗಿಯ ದನಿ. ಉಸಿರು ಬಿಡದೆ ಏನೋ ಹೇಳುತ್ತಿತ್ತು. ವೈಜಯಂತಿ ಪರದೆ ನೋಡಿದರು. 'ಭಾಷೆ ಗುರುತಾಗಿಲ್ಲ' ಎಂದಿತ್ತು.

"ನಮ್ಮ ತಾಂಡಾದ ಮಾತು ಅನಸ್ತದರಿ," ಎಂದಳು ಜಮುನಾ. "ಏಳು ವರ್ಷಕ್ಕ ವಸತಿಶಾಲಿಗೆ ಹಾಕಿದ್ರು. ಆಮ್ಯಾಲೆ ಮರ್ತೇಬಿಟ್ಟೆ. ಈಗ ಮನ್ಯಾಗೂ ಕನ್ನಡಾನ."

"ಕಾವಲು ಕಾಯಾಕಿ ಈಕಿನ. ಮಾತು ತಿಳೀದಿದ್ರೂ ನಡೀತದ, ಶಮನಕ ಹಚ್ಚಿಬಿಡೂಣು," ಎಂದು ವೈಜಯಂತಿ ಗುಂಡಿಯತ್ತ ಕೈ ಚಾಚಿದರು.

"ತಡೀರಿ ಮೇಡಂ. ವಾರ್ಡಿನ್ಯಾಗ ಕೂಸು ಅತ್ರ ಯಾಕ ಅಳಾಕತ್ತದ ಅಂತ ಮೊದಲ ನೋಡ್ತೀವ್ರಿ. ಬಾಯಿ ಮುಚ್ಚಂಗಿಲ್ಲ. ನಮ್ಮವ್ವ ಹೊರಗ ಕುಂತಾಳ, ಕರೀರಿ."

ಚಿಕಿತ್ಸೆಯ ಕೋಣೆಗೆ ಸಂಬಂಧಿಕರು ಬರಬಾರದೆಂಬುದು ವೈಜಯಂತಿಯವರೇ ಮಾಡಿದ ನಿಯಮ. ಆದರೂ ಎದ್ದು ಬಾಗಿಲು ತೆರೆದರು.

ಜಮುನಾಳ ತಾಯಿ ಧಾನುಬಾಯಿ ಒಳಗೆ ಬಂದು ಎರಡು ಮಾತು ಕೇಳುವಷ್ಟರಲ್ಲೇ ಮೇಜಿನ ಅಂಚು ಹಿಡಿದುಕೊಂಡರು.

"ಏನನ್ನಾಕತ್ತಾಳ್ರಿ?" ಎಂದು ಕೇಳಿದರು ವೈಜಯಂತಿ.

"ನಾ ಕಣ್ಣ ಮುಚ್ಚಿಲ್ಲ ಯಾಡಿ, ತಮ್ಮನ್ನ ನೋಡಾಕತ್ತೀನಿ ಅನ್ನಾಕತ್ತಾಳ," ಎಂದರು ಧಾನುಬಾಯಿ. "ಯಾಡಿ ಅಂದ್ರ ಅವ್ವ."

ಜಮುನಾಳ ತಮ್ಮ ಐದು ತಿಂಗಳ ಕೂಸಾಗಿದ್ದಾಗ ಜ್ವರದಿಂದ ತೀರಿಕೊಂಡನೆಂದು ಮನೆಯಲ್ಲಿ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಅವಳ ನೆನಪಿನಲ್ಲಿರಲಿಲ್ಲ. ಧಾನುಬಾಯಿ ಕುರ್ಚಿಯಲ್ಲಿ ಕುಳಿತು, ಮಗಳ ಮುಖ ನೋಡದೆ ಹೇಳಿದರು.

"ಕಬ್ಬು ಕಡೀಲಿಕ್ಕೆ ಹೋಗಿದ್ವಿ. ಇಕಿನ್ನ ಗುಡಿಸಲದಾಗ ಕೂಸಿನ ಕಡೆ ಬಿಟ್ಟಿದ್ದೆ. ಮಧ್ಯಾಹ್ನ ಇಕಿಗೆ ನಿದ್ದಿ ಹತ್ತೇತಿ. ನಾ ಬಂದು ನೋಡಿದ್ರ ಕೂಸು ತಣ್ಣಗಾಗಿತ್ತು. ನೋಡ್ಕೋ ಅಂತ ನಿನಗ ಹೇಳಿದ್ನಲ್ಲ ಅಂದುಬಿಟ್ಟೆ. ಎರಡ ದಿನದಿಂದ ಅದು ಮೊಲಿ ಹಿಡಿದಿರಲಿಲ್ಲರಿ. ಉಳಿಯಂಗಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹೊಲಕ್ಕ ಹೋದೆ. ಇಕಿ ಮಾರಿ ನೋಡಲಾರದ ಶಾಲಿಗೆ ಕಳಿಸಿದೆ."

ಧ್ವನಿಪೆಟ್ಟಿಗೆಯ ಹುಡುಗಿ ಅದೇ ಮಾತನ್ನು ಹೇಳುತ್ತಲೇ ಇದ್ದಳು.

"ಇಷ್ಟೂ ಆಕಿಗೆ ಹೇಳವ್ವಾ," ಎಂದಳು ಜಮುನಾ ಕೊನೆಗೆ. "ಆಕಿಗೆ ಕನ್ನಡ ಬರಂಗಿಲ್ಲ."

ಧಾನುಬಾಯಿ ಪೆಟ್ಟಿಗೆಯತ್ತ ಬಾಗಿ ತಮ್ಮ ಭಾಷೆಯಲ್ಲಿ ಮಾತಾಡತೊಡಗಿದರು. ಹುಡುಗಿ ಏನೋ ಕೇಳಿದಳು. ತಾಯಿ ಉತ್ತರ ಕೊಟ್ಟರು. ಮತ್ತೆ ಕೇಳಿದಳು. ಧಾನುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು. ಅರ್ಧ ಗಂಟೆಯ ನಂತರ ಪರದೆಯ ಮೇಲಿನ ಆ ದನಿಯ ಅಲೆ ತಾನಾಗಿಯೇ ಇಳಿಯಿತು. ಶಮನಕವನ್ನು ಯಾರೂ ಮುಟ್ಟಿರಲಿಲ್ಲ.

"ಕಡೀಗೆ ಏನ್ ಕೇಳಿದ್ಲು?" ಎಂದಳು ಜಮುನಾ.

"ಈಗ ಮಲಗಲೇನು ಅಂದ್ಲು. ಮಲಗವ್ವಾ ಅಂದೆ."

ಜಮುನಾ ಟೊಪ್ಪಿಗೆಯ ತಂತಿಗಳ ಸಮೇತ ತಾಯಿಯ ಹೆಗಲಿಗೆ ಒರಗಿ ಅತ್ತಳು. ಸಿಟ್ಟೂ ಇತ್ತು, ಅದನ್ನೂ ಹೇಳಿದಳು. ಧಾನುಬಾಯಿ ಕೇಳಿಸಿಕೊಂಡರು.

ಮನಸ್ಸಿನ ಭಾಗಗಳಿಗೆ ಬೇಕಾದ ಉತ್ತರವೆಲ್ಲ ಅದೇ ತಲೆಯೊಳಗಿರುತ್ತದೆಂದು ವೈಜಯಂತಿ ಅಲ್ಲಿಯವರೆಗೆ ನಂಬಿದ್ದರು. ಆ ವಾರ ಅವರು ತಾವು ಸುಮ್ಮನಾಗಿಸಿದ ದನಿಗಳ ಹಳೆಯ ಧ್ವನಿಮುದ್ರಣಗಳನ್ನು ಒಂದೊಂದಾಗಿ ಕೇಳಿದರು. ಹೆಚ್ಚಿನವು ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದವು. ಗುಣವಾಗಿದ್ದಾರೆಂದು ಬರೆದುಕೊಂಡಿದ್ದ ಆ ರೋಗಿಗಳೆಲ್ಲರಿಗೂ ವೈಜಯಂತಿ ತಾವೇ ಕಾಗದ ಬರೆದು, ಮತ್ತೊಮ್ಮೆ ಬನ್ನಿ, ಬೇಕಾದವರನ್ನು ಜೊತೆಗೆ ಕರೆತನ್ನಿ ಎಂದು ಕೇಳಿಕೊಂಡರು.

ಜಮುನಾ ವಾರ್ಡಿಗೆ ಮರಳಿದಳು. ಮೊದಲ ದಿನ ಪಾಳಿ ಮುಗಿಸಿ ಹೊರಟಾಗ ಗೇಟಿನ ಬಳಿ ಕಾಲು ಒಮ್ಮೆ ತಡೆಯಿತು, ಆದರೂ ಮನೆಗೆ ನಡೆದಳು.

ಆದರೆ ಯಾರೂ ಎಣಿಸದೆ ಇದ್ದದ್ದು ಇನ್ನೊಂದು. ಆ ಸಾವಿನ ನಂತರ ಧಾನುಬಾಯಿ ಯಾವ ಎಳೆಗೂಸನ್ನೂ ಎತ್ತಿಕೊಂಡಿರಲಿಲ್ಲ, ಜಮುನಾಳ ಮಕ್ಕಳನ್ನೂ ಸಹ. ಮುಂದಿನ ತಿಂಗಳು ಒಂದು ಬೆಳಿಗ್ಗೆ ಅವರು ಮೇಲಿನವರ ಒಪ್ಪಿಗೆ ಪಡೆದು ಮಗಳ ಹಿಂದೆಯೇ ವಾರ್ಡಿಗೆ ಬಂದರು. ಶಸ್ತ್ರಚಿಕಿತ್ಸೆಯಾಗಿ ಇನ್ನೂ ಎಚ್ಚರವಾಗದ ಬಾಣಂತಿಯೊಬ್ಬಳ ಕೂಸು ಅಳುತ್ತಿತ್ತು. ಧಾನುಬಾಯಿ ಕೈ ತೊಳೆದುಕೊಂಡು ಬಂದು, ಜಮುನಾ ಕೊಟ್ಟ ಕೂಸನ್ನು ಎದೆಗೆ ಹಚ್ಚಿಕೊಂಡು ಕುಳಿತರು. ಅಳು ನಿಂತಿತು.

"ಕೈ ಸೋತ್ರ ಹೇಳವ್ವಾ," ಎಂದಳು ಜಮುನಾ. "ಅದರ ತಾಯಿ ಏಳೂದಕ ಇನ್ನೂ ತಡ ಐತಿ."

"ಏಳಲಿ ಸಾವಕಾಶ," ಎಂದರು ಧಾನುಬಾಯಿ. "ನಾ ಕುಂತಿರ್ತೀನಿ."