ಆರನೆಯ ಹಾಳೆಯ ಮೊದಲ ಸಾಲು

ಮಾರ್ಚ್ ಹನ್ನೊಂದರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಶರಣವ್ವ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಮಗಳು ಶಿವಬಸವ್ವ ತಾರಿಹಾಳದ ಪಂಪ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಹಿಂದಿನ ಸಂಜೆ ಯಾರೋ ಬೆನ್ನ ಹಿಂದಿನಿಂದ ಅವಳನ್ನು ಮೆಟ್ಟಿಲ ಮೇಲಿಂದ ನೂಕಿದ್ದರು. ಬಲ ಮುಂಗೈ ಮುರಿದಿತ್ತು. ಕಾಲು ಜಾರಿತೆಂದು ಕಾರ್ಖಾನೆಯವರು ಆಸ್ಪತ್ರೆಯಲ್ಲಿ ಬರೆಸಿದ್ದರು. ಇನ್‌ಸ್ಪೆಕ್ಟರ್ ಸಂಘಮಿತ್ರಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಸಿದ್ದಲಿಂಗಪ್ಪನೊಂದಿಗೆ ಹೋಗಿ ಮೆಟ್ಟಿಲ ಪಂಚನಾಮೆ ಮುಗಿಸಿದರು.

ಶಿಫ್ಟ್ ಮೇಲ್ವಿಚಾರಕ ಅಮರೇಶ ಮೈ ಮುಟ್ಟುತ್ತಾನೆ, ಒಲ್ಲೆನೆಂದವರಿಗೆ ರಜೆ ಕೊಡುವುದಿಲ್ಲ ಎಂದು ಕಳೆದ ತಿಂಗಳು ದೂರು ಪೆಟ್ಟಿಗೆಯಲ್ಲಿ ಹೆಸರಿಲ್ಲದ ಆರು ಪತ್ರ ಬಿದ್ದಿದ್ದವು. ಒಂದು ತನ್ನ ಮಗಳದೆಂದು ಶರಣವ್ವ ಹೇಳಿದ್ದಳು. ಅಕ್ಷರದ ಗುರುತು ಸಿಗಬಾರದೆಂದು ಗುಮಾಸ್ತ ನೀಲಕಂಠಪ್ಪ ಎಲ್ಲವನ್ನೂ ತಾನೇ ಟೈಪ್ ಮಾಡಿ, ಮೂಲ ಪತ್ರಗಳನ್ನು ಲಕೋಟೆಗೆ ಹಾಕಿ ಅರಗು ಒತ್ತಿದ್ದ. ಉತ್ತರ ಬರೆಯಲೆಂದು ಅಮರೇಶನಿಗೆ ಕೊಟ್ಟದ್ದು ಟೈಪ್ ಪ್ರತಿ ಮಾತ್ರ. ಅರಗು ಒಡೆದಿರಲಿಲ್ಲ.

ಘಟನೆಯ ಹೊತ್ತಿಗೆ ತಾನು ಕ್ಯಾಂಟೀನಿನಲ್ಲಿದ್ದೆ ಎಂದ ಅಮರೇಶ. "ಯಾರು ಬರದಾರಂತ ನನಗ ಹೆಂಗ ಗೊತ್ತಾಗಬೇಕ್ರಿ? ಹಾಳಿ ಮ್ಯಾಲೆ ಹೆಸರ ಇಲ್ಲ."

ಸಂಘಮಿತ್ರಾ ಆರೂ ಹಾಳೆ ಓದಿದರು. ಆರನೆಯದರ ನೆತ್ತಿಯ ಮೇಲೆ ‘ಶ್ರೀ ಗೊಡಚಿ ವೀರಭದ್ರೇಶ್ವರ ಪ್ರಸನ್ನ’ ಎಂದಿತ್ತು. ಸಿದ್ದಲಿಂಗಪ್ಪ ಪ್ಯಾಕಿಂಗ್ ರಿಜಿಸ್ಟರ್ ತೆರೆದ. ಶಿವಬಸವ್ವ ಬರೆದ ಪ್ರತಿ ಪುಟದ ಮೇಲೂ ಅದೇ ಸಾಲು, ಕೆಳಗೆ ಅಮರೇಶನ ಸಹಿ.

"ಇದನ್ಯಾಕ ಟೈಪ್ ಮಾಡಿದ್ರಿ?"

"ದೇವರ ಹೆಸರ್ರಿ ಮೇಡಂ," ಎಂದ ನೀಲಕಂಠಪ್ಪ. "ಬಿಡಾಕ ಮನಸಾಗಲಿಲ್ಲ."

ಒಳ್ಳೆಯ ಮನುಷ್ಯ. ಬೈಯಲೂ ಬಾಯಿ ಬರುವುದಿಲ್ಲ, ಅದೇ ತಲೆನೋವು. ಸಂಘಮಿತ್ರಾ ಲಕೋಟೆಯನ್ನು ಒಡೆಯದೆ ಜಪ್ತಿ ಮಾಡಿದರು. ಉಳಿದ ಐವರು ಯಾರೆಂದು ತಮಗೂ ತಿಳಿಯುವುದು ಬೇಡ ಎಂದರು.

ಮೆಟ್ಟಿಲ ಬಾಗಿಲಿನ ಕ್ಯಾಮೆರಾದಲ್ಲಿ ಸಂಜೆ ಐದೂ ನಲವತ್ತೆರಡಕ್ಕೆ ಶಿವಬಸವ್ವ ಒಳಹೋಗಿದ್ದಳು. ಅವಳ ಬೆನ್ನಿಗೇ ಅಮರೇಶ. ಹನ್ನೆರಡರಂದು ಮಧ್ಯಾಹ್ನ ನಾಲ್ಕೂ ಹತ್ತಕ್ಕೆ ದಸ್ತಗಿರಿ ಆಯಿತು. ಆತ ಹೆಚ್ಚು ಸತಾಯಿಸಲಿಲ್ಲ. ತಿಂಗಳಿಡೀ ಯಾವ ಹೆಣ್ಣಿನ ಮುಖ ಕಂಡರೂ ಇವಳೂ ಬರೆದಿರಬೇಕು ಅನ್ನಿಸುತ್ತಿತ್ತಂತೆ.

"ಆರು ಮಂದಿ ಬರದಿದ್ರು. ಗುರುತ ಸಿಕ್ಕಾಕಿ ಒಬ್ಬಾಕೀನ," ಎಂದ. ಆರು ಜನರ ಮೇಲಿನ ಸಿಟ್ಟು ಒಬ್ಬಳ ಕೈ ಮುರಿದಿತ್ತು.

ಸಂಜೆ ವಿದ್ಯಾನಗರದ ಆಸ್ಪತ್ರೆಯಲ್ಲಿ ಸಂಘಮಿತ್ರಾ ಶಿವಬಸವ್ವನ ಹೇಳಿಕೆ ಬರೆದು ಓದಿ ಹೇಳಿದರು. ಬಲಗೈಗೆ ಪ್ಲಾಸ್ಟರ್ ಇದ್ದುದರಿಂದ ಅವಳು ಎಡಗೈ ಹೆಬ್ಬೆಟ್ಟು ಚಾಚಿದಳು. ಒತ್ತುವ ಮೊದಲು ಹಾಳೆಯ ಮೇಲ್ತುದಿ ನೋಡಿದಳು.

"ಮ್ಯಾಲೆ ದೇವರ ಹೆಸರ ಬರದೀರೇನ್ರಿ?"

"ಇಲ್ಲವ್ವಾ."

"ಛಲೋ ಆತು ಬಿಡ್ರಿ," ಎಂದು ಹೆಬ್ಬೆಟ್ಟು ಒತ್ತಿದಳು.