ವಾರ್ಡಿನ ತೂಕದ ಯಂತ್ರ

ಎಲ್ಲರೆದುರು ತನ್ನನ್ನೇ ಮೊದಲು ಕೇಳಿಬಿಟ್ಟರೆ? ಆಸ್ಪತ್ರೆಯ ಸಾಫ್ಟ್‌ವೇರ್ ಕೋಣೆಯ ಮೂಲೆಯಲ್ಲಿ ಕೂತು ಕೆಲಸ ಮಾಡುವ ಹುಡುಗಿಗೆ, ಪೊಲೀಸರು ಬಂದ ಆ ಬೆಳಿಗ್ಗೆ ಇದ್ದ ಚಿಂತೆ ಇಷ್ಟೇ. ಬೇರೇನೂ ಅನ್ನಿಸುತ್ತಿರಲಿಲ್ಲ.

ಠಾಣೆಗೆ ದೂರು ಬಂದದ್ದು ಸೋಮವಾರ. ರೋಗಿಯೊಬ್ಬರು ಔಷಧಿ ಹೆಚ್ಚಾಗಿ ತೀರಿಕೊಂಡಿದ್ದರು. ಚುಚ್ಚುಮದ್ದು ಕೊಟ್ಟ ನರ್ಸ್ ಮೇಲೆ ಎಫ್‌ಐಆರ್ ಆಯಿತು. ಮರುದಿನ ಇನ್‌ಸ್ಪೆಕ್ಟರ್ ದಫೇದಾರನನ್ನೂ ಮಹಿಳಾ ಪೇದೆಯನ್ನೂ ಕರೆದುಕೊಂಡು ವಾರ್ಡಿಗೆ ಬಂದರು.

"ಅಷ್ಟು ಔಷಧಿ ಯಾಕೆ ಕೊಟ್ರಿ?"

"ತೂಕ ನೋಡಿ ಕಂಪ್ಯೂಟರ್ ಲೆಕ್ಕ ಹೇಳುತ್ತೆ, ನಾವು ಕೊಡ್ತೀವಿ ಸರ್," ಎಂದಳು ನರ್ಸ್. "ಹೋದ ವಾರದವರೆಗೂ ಸರಿಯಾಗೇ ಹೇಳ್ತಿತ್ತು."

ಇನ್‌ಸ್ಪೆಕ್ಟರ್ ದಫೇದಾರನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಕಂಪ್ಯೂಟರಿನ ಪರದೆ ನೂರೈವತ್ತು ಕಿಲೋ ಎಂದಿತು.

"ಏನ್ರೀ ಇದು?"

"ಮನೇಲಿ ಅಷ್ಟೆಲ್ಲಾ ಬಡಿಸಲ್ಲ ಸರ್. ಅರವತ್ತೆಂಟು ದಾಟಿಲ್ಲ ನಾನು."

ಯಾರೂ ನಗಲಿಲ್ಲ. ಪಂಚನಾಮೆ ಮುಗಿಸಿ, ನರ್ಸನ್ನೂ ಜೊತೆಗೆ ಕರೆದುಕೊಂಡು ಸಾಫ್ಟ್‌ವೇರ್ ಕೋಣೆಗೆ ಹೋದರು. ಅಲ್ಲಿನ ಮುಖ್ಯಸ್ಥರು ಹಣೆ ಒರೆಸಿಕೊಂಡರು.

"ಆ ಯಂತ್ರ ಪೌಂಡಿನ ಅಂಕಿ ಮಾತ್ರ ಕಳಿಸುತ್ತೆ. ಕಿಲೋಗೆ ಬದಲಿಸೋಕೆ ಹೊರಗಿನವರು ಬರೆದ ಸಿದ್ಧ ಪ್ರೋಗ್ರಾಂ ಬಳಸ್ತೀವಿ, ಲೈಬ್ರರಿ ಅಂತಾರೆ. ಅದರ ಹಳೇ ಆವೃತ್ತಿ ಬರೀ ಅಂಕಿ ಬಂದ್ರೆ ಪೌಂಡ್ ಅಂತ ಓದ್ತಿತ್ತು. ಹೊಸದು ಕಿಲೋ ಅಂತಲೇ ಓದುತ್ತೆ."

"ಹೊಸದು ಯಾಕೆ ಹಾಕಿದ್ರಿ?"

"ನಮ್ಮ ಸಾಫ್ಟ್‌ವೇರಿನ ಹೊಸ ವರದಿ ವಿಭಾಗಕ್ಕೆ ಹೊಸದೇ ಬೇಕು, ವಾರ್ಡಿನ ಭಾಗಕ್ಕೆ ಹಳೇದೇ ಬೇಕು. ಒಂದೇ ಒರೇಲಿ ಎರಡು ಕತ್ತಿ ಹಿಡಿಯುತ್ತಾ? ಹಾಕೋಕೆ ಹೋದ್ರೆ ಕಂಪ್ಯೂಟರೇ ಎರಡೂ ಹೊಂದಲ್ಲ ಅಂತ ತಡೆಯುತ್ತೆ."

"ಮತ್ತೆ ಬಂದದ್ದು ಹೇಗೆ?"

"ಬಲವಂತವಾಗಿ ಹಾಕೋ ಒಂದು ಆಜ್ಞೆ ಇದೆ. ಬುದ್ಧಿ ನೆಟ್ಟಗಿರೋರು ಬಳಸಲ್ಲ."

"ಬಳಸಿದ್ದು ಯಾರು?"

ಕೋಣೆಯಲ್ಲಿದ್ದ ಐದಾರು ಜನ ತಲೆ ಎತ್ತಲಿಲ್ಲ.

"ಸರಿ. ಹಾಗಾದ್ರೆ ನರ್ಸಮ್ಮ ಠಾಣೆಗೆ ನಡೀಲಿ."

ಬಾಗಿಲಲ್ಲಿ ನಿಂತಿದ್ದ ನರ್ಸ್ ಫೋನ್ ತೆಗೆದಳು. "ಅತ್ತೆ, ಮಗೂನ ಶಾಲೆಯಿಂದ ನೀವೇ ಕರ್ಕೊಂಡು ಬನ್ನಿ. ಇಲ್ಲ, ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ."

ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಹುಡುಗಿ ಎದ್ದು ನಿಂತಿದ್ದಳು.

"ತಡೀತಾ ಕಂಪ್ಯೂಟರು?" ಇನ್‌ಸ್ಪೆಕ್ಟರ್ ಕೇಳಿದರು.

ತಲೆಯಾಡಿಸಿದಳು.

"ಆದ್ರೂ ಹಾಕಿದೆ?"

ಮತ್ತೆ ಹೌದೆಂದು ತಲೆಯಾಡಿಸಿದಳು. ಮಹಿಳಾ ಪೇದೆ ಬಂದು ಅವಳ ತೋಳು ಹಿಡಿದಳು. ಅದು ಬೇರೆ ಯಾರದೋ ತೋಳು ಎಂಬಂತೆ ಹುಡುಗಿ ಅದನ್ನು ನೋಡಿದಳು. ವರದಿ ವಿಭಾಗ ಶುಕ್ರವಾರಕ್ಕೆ ಸಿದ್ಧ ಎಂದು ಮುಖ್ಯಸ್ಥರು ಮೇಲಿನವರಿಗೆ ಮಾತು ಕೊಟ್ಟಾಗಿತ್ತು. ಗುರುವಾರ ಅವಳು ಎರಡು ಸಲ ಅವರ ಮೇಜಿನವರೆಗೆ ಹೋಗಿ, ಪಕ್ಕದಲ್ಲಿ ನೀರು ಕುಡಿದು ವಾಪಸಾಗಿದ್ದಳು.

"ನನಗೊಂದು ಮಾತು ಹೇಳ್ಬಾರ್ದಿತ್ತೇನಮ್ಮಾ?" ಎಂದರು ಮುಖ್ಯಸ್ಥರು.

"ಆಗಲ್ಲ ಅಂದ್ರೆ ನೀವು ಬೈತೀರ ಅಂತ ಹೆದರಿಕೆ ಆಯ್ತು, ಸರ್."