ಆಲದಮರದ ಗೇಟಿನ ಕಣ್ಣು ಕಟ್ಟಿದವರು ಯಾರು?

ಕ್ಯಾಮೆರಾದ ಕಣ್ಣು ಹೋಗಿದೆ ಎಂದು ಆಲದಮರದ ಗೇಟ್ ಹೊರಠಾಣೆಗೆ ಗೊತ್ತಾದದ್ದು ಬುಧವಾರ, ಅದೂ ಮೈಸೂರಿನಿಂದ ಬಂದ ಫ್ಯಾಕ್ಸಿನಿಂದ. ಶನಿವಾರ ಬೆಳಿಗ್ಗೆ ಹನ್ನೊಂದರಿಂದೀಚೆಗೆ ಒಂದು ಫೋಟೊದಲ್ಲೂ ಗಾಡಿ ನಂಬರ್ ಕಾಣುತ್ತಿಲ್ಲ! ಹೆಡ್ ಕಾನ್‌ಸ್ಟೇಬಲ್ ಪುಟ್ಟಬಸವಯ್ಯ ಹೊರಗೆ ಬಂದು ಕತ್ತೆತ್ತಿದರು. ಹತ್ತಡಿ ಕಂಬದ ಮೇಲೆ, ಕ್ಯಾಮೆರಾದ ಗಾಜಿನ ತುಂಬ ಬೂದಿ ಹರಡಿತ್ತು.

ಮಧ್ಯಾಹ್ನದೊಳಗೆ ಹುಲ್ಲಹಳ್ಳಿಯ ರಘುವಿನ ಟೆಂಪೊ ಠಾಣೆಯ ಅಂಗಳ ಸೇರಿತು. ಅವನ ಲೈಸೆನ್ಸ್ ರದ್ದು ಮಾಡಿ ಎಂಬ ಕಾಗದವೂ ತಯಾರಾಯಿತು. ರಘುವಿಗೆ ಇದ್ದದ್ದು ಅವೆರಡೇ — ಒಂದು ಟೆಂಪೊ, ಒಂದು ಲೈಸೆನ್ಸ್.

ಅದು 2007. ನಂಜನಗೂಡು–ನರಸೀಪುರ ರಸ್ತೆಗೆ ಪ್ರಯೋಗಕ್ಕೆಂದು ಹಾಕಿದ ಕ್ಯಾಮೆರಾ. ಗಾಡಿಯ ವೇಗ ಐವತ್ತು ದಾಟಿದರೆ ಕ್ಲಿಕ್ಕು. ಕ್ಲಿಕ್ಕಾದರೆ ವಾರದಲ್ಲಿ ಮನೆಗೆ ದಂಡದ ಚೀಟಿ. ಅಂದಿನಿಂದ ಸುತ್ತಲಿನ ಊರುಗಳಲ್ಲಿ ಎರಡೇ ಪಕ್ಷ: ಕಂಬದ ಪರ ನಿಂತವರು, ಕಂಬ ಕಂಡರೆ ಕೆಂಡವಾಗುವವರು.

ತನಿಖೆಗೆ ಎಎಸ್‌ಐ ಮಲ್ಲಾಜಮ್ಮ ನರಸೀಪುರದಿಂದ ಬಂದರು. ಗೇಟಿನಲ್ಲಿ ಒಡೆದು ಬಿದ್ದಿದ್ದ ಬೂದುಗುಂಬಳದ ಚೂರು ದಾಟಿ, ಬಾಡಿದ ಚೆಂಡುಹೂ ಹೊತ್ತ ಜೀಪು ದಾಟಿ ಒಳಗೆ ಕುಳಿತರು. ಟೈಪ್‌ರೈಟರ್, ಲಾಠಿ, ಕೆಟ್ಟು ಕೂತ ವೈರ್‌ಲೆಸ್ — ಎಲ್ಲಕ್ಕೂ ವಿಭೂತಿ, ಕುಂಕುಮ.

"ಇವನೇ ಅಂತ ಹೆಂಗೆ ಹೇಳ್ತೀರಿ?" ಎಂದು ಬಾಗಿಲ ಬಳಿ ನಿಂತಿದ್ದ ರಘುವನ್ನು ತೋರಿಸಿ ಕೇಳಿದರು.

"ಶನಿವಾರನೇ ಕಂಬದ ಕೆಳಗೆ ಗಾಡಿ ನಿಲ್ಸಿ ಮೇಲೆ ಹತ್ತಿದ್ದ ಮೇಡಂ," ಎಂದರು ಪುಟ್ಟಬಸವಯ್ಯ. "ಬೂದಿ ಬೇಕಂದ್ರೆ ಪಕ್ಕದಲ್ಲೇ ಸಾಕಮ್ಮನ ಟೀ ಒಲೆ. ಎರಡು ಸಲ ಚೀಟಿ ಬೇರೆ ಹೋಗಿದೆ ಇವನಿಗೆ."

ಮಲ್ಲಾಜಮ್ಮ ರಘುವಿನ ಕಡೆ ತಿರುಗಿದರು. "ಯಾಕಪ್ಪ ಹತ್ತಿದ್ದೆ?"

"ಲೋಡಿನ ಅಗ್ಗ ಸಡ್ಲ ಆಗಿತ್ತು ಮೇಡಮ್ಮೋರೆ. ಬಿಗಿಯಾಕೆ ಅತ್ತಿದ್ದೆ."

"ಕ್ಯಾಮೆರಾ ಮೇಲೆ ಕೋಪ ಇತ್ತಾ?"

"ಇತ್ತು. ಈಗ್ಲೂ ಅದೆ. ಬಸ್ರಿ ಎಂಗ್ಸು ನೋವು ತಿಂತಿದ್ಲು, ಆಸ್ಪತ್ರೆಗೆ ಓಡಿಸ್ಕೊಂಡು ಓದೆ. ಪೊಲೀಸ್ನೋರಾಗಿದ್ರೆ ಗಾಡಿ ಒಳಿಕ್ಕೆ ಬಗ್ಗಿ ನೋಡೋರು. ಅದು ನಂಬರ್ ಪ್ಲೇಟ್ ನೋಡ್ತು."

ಟೀ ತಂದಿದ್ದ ಸಾಕಮ್ಮ ಸುಮ್ಮನಿರಲಿಲ್ಲ. "ನನ್ನೆರಡು ಮೇಕೆ ಲಾರಿಗೆ ಸಿಕ್ಕಾಗ ಯಾವ ಪೊಲೀಸ್ನೋನ್ಲಾ ಬಗ್ಗಿ ನೋಡ್ದ? ಕಂಬ ಬಂದ್ಮ್ಯಾಲೆ ಒಂದೂ ಸತ್ತಿಲ್ಲ."

"ಇವನು ನಿಮ್ಮ ಒಲೆ ಬೂದಿ ತಗೊಂಡಿದ್ನಾ?"

"ಎಲ್ಲಿಂದ ತಗತಾನೆ? ಅಬ್ಬ ಅಂತ ಶುಕ್ರವಾರವೇ ಎಲ್ಲಾ ಬಳ್ದು ತಿಪ್ಪೆಗಾಕಿದ್ದೆ. ಶನಿವಾರ ಒಲೆನೇ ಅಚ್ಚಿಲ್ಲ."

ಮಲ್ಲಾಜಮ್ಮ ಮೈಸೂರಿನಿಂದ ತರಿಸಿದ್ದ ಫೋಟೊಗಳನ್ನು ಮೇಜಿನ ಮೇಲೆ ಹರಡಿದರು. ಒಂದನ್ನು ಎತ್ತಿಕೊಂಡರು. ಶನಿವಾರ, ಹನ್ನೊಂದು ಗಂಟೆ ಐದು ನಿಮಿಷ.

"ಈ ಅಡ್ಡಪಟ್ಟೆ ಏನು?"

"ಮಿಷಿನ್ ಗೆರೆ ಮೇಡಂ," ಎಂದರು ಪುಟ್ಟಬಸವಯ್ಯ. "ಟಿವೀಲೂ ಬತ್ತದಲ್ಲ?"

ಮಲ್ಲಾಜಮ್ಮ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. "ಶನಿವಾರ ಆಯುಧಪೂಜೆ ಜೋರಾಗೇ ಮಾಡಿದ್ದೀರಿ. ಕೆಟ್ಟು ಕೂತ ವೈರ್‌ಲೆಸ್ಸಿಗೂ ಭಾಗ್ಯ. ಆದ್ರೆ ಸರ್ಕಾರ ಕೊಟ್ಟ ಹೊಸಾ ಆಯುಧನೇ ಮರೆತುಬಿಟ್ರಲ್ಲ?"

ಪುಟ್ಟಬಸವಯ್ಯನವರ ಮುಖ ಕೆಂಪಾಯಿತು. "ಮರೆಯೋದಾ? ಮೊದಲ ಪೂಜೆನೇ ಅದಕ್ಕೆ ಮೇಡಂ. ಹತ್ತೂವರೆಗೆ ರಾಹುಕಾಲ ಕಳೀತು, ಏಣಿ ಹಾಕಿ ನಾನೇ ಹತ್ತಿದೆ. ಹಣೆ ಯಾವುದು ಅಂತ ಗೊತ್ತಾಗ್ಲಿಲ್ಲ, ಮುಂದ್ಗಡೆ ಗಾಜಿಗೇ ಇಟ್ಟೆ—"

ಅವರ ಕಣ್ಣು ಮೇಜಿನ ಮೇಲಿನ ಫೋಟೊಗೆ ಹೋಯಿತು.

"ನೀವು ಬುಧವಾರದ ಗಾಜು ನೋಡಿದ್ರಿ," ಎಂದರು ಮಲ್ಲಾಜಮ್ಮ. "ನಾನು ಶನಿವಾರದ ಮೊದಲ ಮಸುಕು ಫೋಟೊ ನೋಡ್ದೆ. ಎರಚಿದ ಬೂದಿ ಚೆಲ್ಲಾಪಿಲ್ಲಿ ಬೀಳುತ್ತೆ, ಮೂರು ಬೆರಳಗಲಕ್ಕೆ ಸಾಲಾಗಿ ಬೀಳಲ್ಲ. ನಡುವೆ ದುಂಡಗೆ ಕಪ್ಪು ಕಾಣ್ತದಲ್ಲ? ಕುಂಕುಮ. ಸಂಜೆ ಮಳೆ ಬಂತು, ವಿಭೂತಿ ಕರಗಿ ಗಾಜೆಲ್ಲ ಹರಡ್ತು. ಕಣ್ಗಾವಲಿನ ಕಣ್ಣು ಕಟ್ಟಿದ್ದು ನೀವೇ ಪುಟ್ಟಬಸವಯ್ಯ."

ಪುಟ್ಟಬಸವಯ್ಯ ಫೋಟೊ ಕೈಗೆತ್ತಿಕೊಂಡರು. "ಮೂವತ್ತು ವರ್ಷ ಬಿಸಿಲಲ್ಲಿ ಕೈ ಅಡ್ಡ ಹಾಕಿದ್ದೀನಿ ಮೇಡಂ. ಅದು ಬಂದ ಮೇಲೆ ಈ ಕೈಗೆ ರಜಾ ಸಿಕ್ತು. ಅದಕ್ಕೆ ಒಂದು ಕಟ್ಟು ಹೂವು ಜಾಸ್ತಿನೇ ತಂದಿದ್ದೆ."

"ನಮ್ಮಂಥ ಡ್ರೈವರ್‌ನ ಒಂದ್ಮಾತು ಕೇಳ್ಬೇಕಿತ್ತು ಸಾ," ಎಂದ ರಘು. "ನಾವೂ ಪೂಜೆ ಮಾಡ್ತೀವಿ. ಗಾಜಿಗೆ ಮೂಲೇಲಿ ಇಡ್ತೀವಿ. ರಸ್ತೆ ಕಾಣ್ಬೇಕಲ್ಲ?"

ಸಾಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ತಪ್ಪಾಯ್ತು ಕಣಪ್ಪ," ಎಂದು ಪುಟ್ಟಬಸವಯ್ಯ ಟೆಂಪೊ ಕೀಯನ್ನು ಅವನ ಕೈಗಿಟ್ಟರು. ಲೈಸೆನ್ಸ್ ರದ್ದತಿಯ ಕಾಗದ ಹರಿದರು. ಆಮೇಲೆ ಟೈಪ್‌ರೈಟರಿಗೆ ಹೊಸ ಹಾಳೆ ಏರಿಸಿದರು. 'ಕೃತ್ಯ ಎಸಗಿದವರು' ಎಂಬಲ್ಲಿ ತಮ್ಮ ಹೆಸರನ್ನು ಬಿಲ್ಲೆ ನಂಬರ್ ಸಮೇತ ಹೊಡೆದರು.

'ಉದ್ದೇಶ' ಎಂಬಲ್ಲಿ ಬೆರಳು ನಿಂತಿತು. ಮಲ್ಲಾಜಮ್ಮನವರ ಮುಖ ನೋಡಿದರು.

ಪುಟ್ಟಬಸವಯ್ಯ ಒಂದೊಂದೇ ಅಕ್ಷರ ಹುಡುಕಿ ಹೊಡೆದರು: ಭಕ್ತಿ.